ಮಳೆಗೆ ಏಪ್ರಿಲ್ ಒಂದು ಗೊತ್ತಿಲ್ಲ

ಓದುಗರ ಪ್ರಶ್ನೆ, ನಿವೃತ್ತ ಹೆಡ್‌ಕ್ಲರ್ಕ್‌ನ ಉತ್ತರ

ಈ ಅಂಕಣಕ್ಕೆ ಸಾಮಾನ್ಯವಾಗಿ ಪಿಂಚಣಿ, ಪ್ರಾಪರ್ಟಿ ಟ್ಯಾಕ್ಸ್, ಜನನ ಪ್ರಮಾಣಪತ್ರದ ಪ್ರಶ್ನೆಗಳೇ ಜಾಸ್ತಿ. ಈ ತಿಂಗಳು ಹಾಗಲ್ಲ. ಡೊಂಬಿವಲಿಯ ಹುಡುಗಿಯೊಬ್ಬಳ ಪತ್ರ ಓದುತ್ತಿದ್ದಂತೆ ನನ್ನ ಹಳೆಯ ಕಚೇರಿಯ ವಾಸನೆಯೇ ಮೂಗಿಗೆ ಬಂತು. ಒದ್ದೆ ಫೈಲು, ಗೋಂದು, ಕಟಿಂಗ್ ಚಹಾ. ಆದ್ದರಿಂದ ಅವಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಮನೆಮಾತು ಕನ್ನಡ. ತೋಟಗಾರಿಕೆಯಲ್ಲಿ ಬಿ.ಎಸ್ಸಿ. ಮುಗಿಸಿ, ಮುಂಬಯಿ ಪಕ್ಕದ ಒಂದು ಮಹಾನಗರ ಪಾಲಿಕೆಯ ಉದ್ಯಾನ ವಿಭಾಗ ಸೇರಿ ಒಂದೂವರೆ ವರ್ಷವಾಯಿತು. ಮುಂದಿನ ವರ್ಷದ ಕೆಲಸದ ಯೋಜನೆ ತಯಾರಿಸು ಎಂದು ಸಾಹೇಬರು ಹೋದ ವರ್ಷದ ಎಕ್ಸೆಲ್ ಫೈಲ್ ಕಳಿಸಿದ್ದಾರೆ. ‘ಎಲ್ಲದಕ್ಕೂ ಹತ್ತು ಪರ್ಸೆಂಟ್ ಸೇರಿಸು, ಆಯ್ತು’ ಅಂದರು. ಅಷ್ಟೇ ಮಾಡಲೇ? ಬೇರೆ ರೀತಿ ಮಾಡುವುದಾದರೆ ಎಲ್ಲಿಂದ ಶುರು ಮಾಡಲಿ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ತಂಗಿ, ಆ ಫೈಲನ್ನು ಒಂದು ವಾರ ತೆರೆಯಲೇಬೇಡಿ. ಯಾಕೆ ಅನ್ನುವುದಕ್ಕೆ ನನ್ನದೇ ಒಂದು ಕಥೆ ಇದೆ.

ನಾನು 1971ರಲ್ಲಿ ಕುಮಟಾ ಕಡೆಯಿಂದ ಮುಂಬಯಿಗೆ ಬಂದವನು. ಆಗ ಹದಿನಾರು ವರ್ಷ. ಹಗಲು ಫೋರ್ಟಿನ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವುದು, ರಾತ್ರಿ ಅಲ್ಲೇ ಹತ್ತಿರದ ಕನ್ನಡ ರಾತ್ರಿಶಾಲೆಯಲ್ಲಿ ತೂಕಡಿಸುವುದು. ಹಾಗೂ ಹೀಗೂ ಮೆಟ್ರಿಕ್ ಆಯಿತು. 1978ರಲ್ಲಿ ಪಾಲಿಕೆಯೊಂದರಲ್ಲಿ ಜೂನಿಯರ್ ಕ್ಲರ್ಕ್ ಆದೆ. ಯಾವ ಪಾಲಿಕೆ ಎಂದು ಕೇಳಬೇಡಿ. ಪಿಂಚಣಿ ಈಗಲೂ ಅಲ್ಲಿಂದಲೇ ಬರುತ್ತದೆ.

ತೊಂಬತ್ತರ ದಶಕದಲ್ಲಿ ನಾನು ಅಲ್ಲಿನ ಉದ್ಯಾನ ವಿಭಾಗದ ಹೆಡ್‌ಕ್ಲರ್ಕ್. ವರ್ಷದ ಯೋಜನೆ ಮಾಡುವ ಕೆಲಸ ನನ್ನ ತಲೆಗೇ ಬಂತು. ಆಗ ಎಕ್ಸೆಲ್ ಎಲ್ಲಿಂದ ಬರಬೇಕು? ಹೋದ ವರ್ಷದ ಹಾಳೆ ಎಡಗಡೆ ಇಟ್ಟುಕೊಂಡು ಟೈಪ್ ಹೊಡೆಯುವುದು, ಕೊನೆಯ ಕಾಲಮ್ಮಿನ ಅಂಕಿ ಸ್ವಲ್ಪ ಏರಿಸುವುದು. ಊಟದ ಡಬ್ಬಿ ತೆರೆಯುವ ಮೊದಲೇ ಯೋಜನೆ ತಯಾರು. ನನಗೆ ಅದರಲ್ಲಿ ಹೆಮ್ಮೆಯೂ ಇತ್ತು.

ಹೊಸದಾಗಿ ಬಂದ ಸೂಪರಿಂಟೆಂಡೆಂಟ್ ಒಬ್ಬರಿಗೆ ಕಾಗದ ಓದುವ ಕೆಟ್ಟ ಚಟ. ಪಟ್ಟಿಯ 17ನೇ ತೋಟ ನೋಡಬೇಕು ಅಂದರು. ಜೀಪಿನಲ್ಲಿ ಹೋದೆವು. ಅಲ್ಲಿ ತೋಟವೇ ಇರಲಿಲ್ಲ. ಒಂದು ಪಂಪ್‌ಹೌಸ್ ನಿಂತು ಗುಂಯ್‌ಗುಡುತ್ತಿತ್ತು. ನೀರಿನ ವಿಭಾಗದವರು ಆ ಜಾಗ ತೆಗೆದುಕೊಂಡು ಮೂರು ವರ್ಷವಾಗಿತ್ತಂತೆ. ಮೂರು ವರ್ಷ ನಾವು ಆ ಇಲ್ಲದ ತೋಟದ ಹುಲ್ಲು ಕತ್ತರಿಸಿದ್ದೆವು, ಗೊಬ್ಬರ ಹಾಕಿದ್ದೆವು, ಎರಡು ಬೆಂಚುಗಳಿಗೆ ಬಣ್ಣ ಹೊಡೆಸಿದ್ದೆವು. ಎಲ್ಲಾ ಕಾಗದದ ಮೇಲೆ. ಯಾರೂ ದುಡ್ಡು ತಿಂದಿರಲಿಲ್ಲ, ಅದೇ ತಮಾಷೆ. ಆ ಹಣ ಪ್ರತಿ ಮಾರ್ಚ್‌ನಲ್ಲೂ ಖರ್ಚಾಗದೆ ವಾಪಸ್ ಹೋಗುತ್ತಿತ್ತು. ಅಲ್ಲಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಒಂದು ಹೊಸ ತೋಟ ಆಗಿತ್ತು. ಅದಕ್ಕೆ ಮಾಲಿಯೂ ಇಲ್ಲ, ನಳವೂ ಇಲ್ಲ. ಹೋದ ವರ್ಷದ ಪಟ್ಟಿಯಲ್ಲಿ ಅದರ ಹೆಸರು ಇರಲಿಲ್ಲವಲ್ಲ!

ಸೂಪರಿಂಟೆಂಡೆಂಟ್ ಬೈಯಲಿಲ್ಲ. ಜೀಪ್ ಹತ್ತುವಾಗ ‘ಬೆಂಚಿನ ಬಣ್ಣ ಚೆನ್ನಾಗಿದೆ’ ಅಂದರು. ಬೈದಿದ್ದರೇ ವಾಸಿಯಿತ್ತು.

ಆದ್ದರಿಂದ ಮೊದಲು ಚಪ್ಪಲಿ ಮೆಟ್ಟಿಕೊಂಡು ಹೊರಡಿ. ನಿಮ್ಮ ವಾರ್ಡಿನ ಪ್ರತಿ ತೋಟಕ್ಕೆ, ರಸ್ತೆ ನಡುವಿನ ಪ್ರತಿ ಹಸಿರು ಪಟ್ಟಿಗೆ ಹೋಗಿ. ಸಾಹೇಬರ ಜೊತೆ ಬೇಡ, ಮಾಲಿಯ ಜೊತೆ ಹೋಗಿ. ‘ಏನು ಬೇಕು’ ಎಂದು ಅವರನ್ನು ಕೇಳಬೇಡಿ, ಹೊಸ ಪೈಪು ಬೇಕು ಅನ್ನುತ್ತಾರೆ, ಅಷ್ಟೇ. ‘ಇಲ್ಲಿ ಯಾವ ತಿಂಗಳು ಏನು ಕೆಡುತ್ತದೆ’ ಎಂದು ಕೇಳಿ. ಆಗ ನೋಡಿ ಮಾತು ಹೇಗೆ ಬರುತ್ತದೆ! ಏಪ್ರಿಲ್ ಎರಡನೇ ವಾರಕ್ಕೆ ಬೋರ್‌ವೆಲ್ ಬತ್ತುತ್ತದೆ. ಫೆಬ್ರವರಿಯಲ್ಲಿ ಎಲೆ ಉದುರಿ ರಾಶಿ ಬೀಳುತ್ತದೆ, ಯಾರೋ ಬೆಂಕಿ ಹಚ್ಚುತ್ತಾರೆ. ಮೇ ರಜೆಯಲ್ಲಿ ಮಕ್ಕಳು ಬಂದು ಉಯ್ಯಾಲೆಯ ಸರಪಳಿ ಕಿತ್ತುಹೋಗುತ್ತದೆ. ಆಗಸ್ಟ್‌ನಲ್ಲಿ ಗೋಡೆಯ ಮೂಲೆಯಲ್ಲಿ ಹಾವು. ಇದನ್ನೆಲ್ಲ ತಿಂಗಳ ಹೆಸರಿನ ಕೆಳಗೆ ಬರೆದುಕೊಳ್ಳಿ. ನಿಮ್ಮ ಯೋಜನೆಯ ಅರ್ಧ ಅಲ್ಲಿಗೇ ಆಯಿತು.

ಇನ್ನರ್ಧ ದೂರು ಪುಸ್ತಕದಲ್ಲಿದೆ. ಈಗ ಅದು ಆ್ಯಪ್‌ನಲ್ಲಿ ಇರಬಹುದು. ಮೂರು ವರ್ಷದ ದೂರುಗಳನ್ನು ತೆಗೆದು ತಾರೀಖಿನ ಪ್ರಕಾರ ಜೋಡಿಸಿ. ಒಂದೇ ಮರದ ಮೇಲೆ ಮೂರು ಮೇ ತಿಂಗಳು ದೂರು ಬಂದಿದ್ದರೆ ಅದು ದೂರಲ್ಲ, ನೀವು ಮಾಡದೆ ಬಿಟ್ಟ ಕೆಲಸ. ಮರಗಳ ಪಟ್ಟಿ ಬೇಕಾದರೆ ವೃಕ್ಷ ಗಣತಿ ಇದ್ದೇ ಇದೆ. 1975ರ ಮಹಾರಾಷ್ಟ್ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಐದು ವರ್ಷಕ್ಕೊಮ್ಮೆ ಗಣತಿ ಆಗಬೇಕು. ಆದರೆ ಗಣತಿ ನಿಮಗೆ ಮರದ ಹೆಸರು, ಸುತ್ತಳತೆ ಹೇಳುತ್ತದೆ. ಬುಡಕ್ಕೆ ಯಾರೋ ಕಾಂಕ್ರೀಟ್ ಬಳಿದು ಬೇರು ಉಸಿರು ಕಟ್ಟಿ ನಿಂತಿದೆ ಅನ್ನುವುದನ್ನು ನೀವೇ ಹೋಗಿ ನೋಡಬೇಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಕಚೇರಿಯ ವರ್ಷ ಏಪ್ರಿಲ್ ಒಂದಕ್ಕೆ ಶುರುವಾಗುತ್ತದೆ. 1867ರಲ್ಲಿ ಬ್ರಿಟಿಷರು ತಮ್ಮ ದೇಶದ ಲೆಕ್ಕಕ್ಕೆ ಹೊಂದಲಿ ಎಂದು ಹಾಗೆ ಮಾಡಿದರು, ನಾವು ಹಾಗೇ ಉಳಿಸಿಕೊಂಡೆವು. ಆದರೆ ಮಳೆಗೆ ಏಪ್ರಿಲ್ ಒಂದು ಗೊತ್ತಿಲ್ಲ. ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಅಂದರೆ ಹೊಸ ಹಣ ಕೈಗೆ ಬಂದ ಮೇಲೆ ಒಣ ದಿನಗಳು ಸಿಗುವುದು 71. ಅದೂ ವಾಡಿಕೆಯಂತೆ ಬಂದರೆ. 2025ರಲ್ಲಿ ಮೇ 26ಕ್ಕೇ ಬಂದುಬಿಟ್ಟಿತು. ಆ ವರ್ಷ ಸಿಕ್ಕಿದ್ದು 55 ದಿನ. ‘ಮೇ 31ರೊಳಗೆ’ ಎಂದು ಬರೆದಿಟ್ಟ ಕೆಲಸಗಳೆಲ್ಲ ನೀರಲ್ಲಿ ನಿಂತವು. ಆಮೇಲೆ ನಾಲ್ಕು ತಿಂಗಳು ಸಾಂತಾಕ್ರೂಜ್‌ನಂಥ ಜಾಗದಲ್ಲಿ ಸುಮಾರು 2,300 ಮಿಲಿಮೀಟರ್ ಸುರಿಯುತ್ತದೆ. ಆಗ ಯಾವ ಕಾಂಟ್ರಾಕ್ಟರ್ ಗೋಡೆ ಕಟ್ಟುತ್ತಾನೆ?

ಹಣ ಇದ್ದ ಮಾತ್ರಕ್ಕೆ ಕೆಲಸ ಶುರುವಾಗುವುದಿಲ್ಲ. ನನ್ನ ಅನುಭವದ ಲೆಕ್ಕ ಹೇಳುತ್ತೇನೆ. ಎಸ್ಟಿಮೇಟ್ ಮಾಡಲು ಮೂರು ವಾರ. ತಾಂತ್ರಿಕ ಮಂಜೂರಾತಿಗೆ ಎರಡು ವಾರ. ಟೆಂಡರ್ ಪ್ರಕಟಣೆಗೆ ಎರಡು-ಮೂರು ವಾರ. ಒಬ್ಬನೇ ಕಾಂಟ್ರಾಕ್ಟರ್ ಬಂದರೆ ಟೆಂಡರ್ ಮತ್ತೆ ಕರೆಯಬೇಕು. ತೆರೆದು ಪರಿಶೀಲಿಸಿ, ಖರ್ಚಿಗೆ ಒಪ್ಪಿಗೆ ಕೊಡುವ ಸ್ಥಾಯಿ ಸಮಿತಿಗೆ ಹೋಗಿ, ಡಿಪಾಸಿಟ್ ಕಟ್ಟಿಸಿಕೊಂಡು, ವರ್ಕ್ ಆರ್ಡರ್ ಕೈಗೆ ಬರುವಾಗ ನಾಲ್ಕು ತಿಂಗಳು ಆರಾಮಾಗಿ ಕಳೆದಿರುತ್ತದೆ. ಗಣಪತಿ, ದೀಪಾವಳಿ ನಡುವೆ ಬಂದರೆ ಇನ್ನೂ ಹದಿನೈದು ದಿನ ಹಿಡಿಯಿರಿ. ಚುನಾವಣೆಯ ನೀತಿ ಸಂಹಿತೆ ಬಂದರೆ ದೇವರೇ ಗತಿ. ಏಪ್ರಿಲ್ ಒಂದರಂದು ಪೂಜೆ ಮಾಡಿ ಫೈಲ್ ಹೊರಡಿಸಿದರೆ ವರ್ಕ್ ಆರ್ಡರ್ ಬರುವುದು ಆಗಸ್ಟ್‌ನಲ್ಲಿ. ಕೊಂಬೆ ಕತ್ತರಿಸುವ ವರ್ಕ್ ಆರ್ಡರ್ ಆಗಸ್ಟ್‌ನಲ್ಲಿ ಬಂದರೆ ಅದನ್ನು ಹಿಡಿದುಕೊಂಡು ಏನು ಮಾಡುತ್ತೀರಿ? ಕೊಂಬೆಗಳು ಆಗಲೇ ಯಾರದೋ ಕಾರಿನ ಮೇಲೆ ಬಿದ್ದಿರುತ್ತವೆ.

ಊರಲ್ಲಿ ನಮ್ಮ ಅಮ್ಮ ಹಲಸಿನ ಹಪ್ಪಳ ಮಾಡುತ್ತಿದ್ದಳು. ಅವಳು ಎಣಿಕೆ ಶುರು ಮಾಡುತ್ತಿದ್ದದ್ದು ಮಳೆಯ ಕಡೆಯಿಂದ. ಮಳೆ ಹಿಡಿಯುವ ಮೊದಲು ಹಪ್ಪಳ ಡಬ್ಬಿ ಸೇರಬೇಕು. ಅದಕ್ಕೆ ಮೂರು-ನಾಲ್ಕು ಒಳ್ಳೆ ಬಿಸಿಲು ಬೇಕು. ಬಿಸಿಲಿಗೆ ಮೊದಲು ಕಾಯಿ ಇಳಿಸುವ ಆಳು ಬೇಕು. ಆಳು ಅದೇ ವಾರ ಊರವರ ಮಾಡು ಹೊದಿಸುವುದರಲ್ಲಿ ಇರುತ್ತಾನೆ, ಆದ್ದರಿಂದ ಅವನಿಗೆ ಯುಗಾದಿಗೇ ಹೇಳಿಡಬೇಕು. ಅವಳಿಗೆ ಓದು ಬರುತ್ತಿರಲಿಲ್ಲ. ಮೂವತ್ತೈದು ವರ್ಷದ ಸರ್ವಿಸ್‌ನಲ್ಲಿ ಅದಕ್ಕಿಂತ ಒಳ್ಳೆಯ ವರ್ಷದ ಯೋಜನೆ ನಾನು ನೋಡಿಲ್ಲ.

ನೀವೂ ಹಾಗೇ ಹಿಂದಕ್ಕೆ ಎಣಿಸಿ. ಕೊಂಬೆ ಕತ್ತರಿಸುವುದು ಮೇ 15ಕ್ಕೆ ಮುಗಿಯಬೇಕು. ಮೇ 31 ಎಂದು ಬರೆಯಬೇಡಿ. 2021ರಲ್ಲಿ ತೌಕ್ತೆ ಚಂಡಮಾರುತ ಮೇ 17ಕ್ಕೆ ಬಂದು ಮುಂಬಯಿಯಲ್ಲಿ ನೂರಾರು ಮರಗಳನ್ನು ಕೆಡವಿತ್ತು. ಮೇ 15ಕ್ಕೆ ಮುಗಿಯಬೇಕಾದರೆ ಫೆಬ್ರವರಿ ಮಧ್ಯದಲ್ಲಿ ಕತ್ತಿ ಎತ್ತಬೇಕು. ಅದಕ್ಕೆ ನಾಲ್ಕು ತಿಂಗಳು ಮೊದಲು, ಅಂದರೆ ಅಕ್ಟೋಬರ್‌ನಲ್ಲಿ ಎಸ್ಟಿಮೇಟ್ ಮೇಜಿನ ಮೇಲೆ ಇರಬೇಕು. ನೋಡಿ, ಕೆಲಸ ಎರಡು ಹಣಕಾಸು ವರ್ಷಗಳ ಮೇಲೆ ಕಾಲು ಹಾಕಿ ನಿಂತಿತು. ಇದಕ್ಕೆ ಒಂದೇ ದಾರಿ. ಈ ತರದ ಕೆಲಸಗಳಿಗೆ ಎರಡು ವರ್ಷದ ಕಾಂಟ್ರಾಕ್ಟ್ ಕೇಳಿ, ಪ್ರತಿ ವರ್ಷದ ಪಾಲಿನ ಹಣ ಬೇರೆ ಬೇರೆ ತೋರಿಸಿ. ಮಾರ್ಚ್ 31 ಬಂತು ಎಂದು ಮರ ಹತ್ತಿದವನು ಅರ್ಧಕ್ಕೆ ಇಳಿಯುವುದು ತಪ್ಪುತ್ತದೆ.

ಸಸಿ ನೆಡುವುದೂ ಇದೇ ಕಥೆ. ಕೇಂದ್ರ ಸಚಿವರಾಗಿದ್ದ ಕೆ.ಎಂ. ಮುನ್ಶಿ 1950ರಲ್ಲಿ ವನಮಹೋತ್ಸವ ಶುರು ಮಾಡಿದಾಗ ಜುಲೈ ಮೊದಲ ವಾರವನ್ನು ಸುಮ್ನೆ ಆರಿಸಲಿಲ್ಲ. ನೆಲ ಒದ್ದೆಯಾಗಿರುತ್ತದೆ, ನೀರು ಹಾಕುವ ಖರ್ಚಿಲ್ಲ. ನಮ್ಮ ಕಚೇರಿಯಲ್ಲಿ ಒಂದು ವರ್ಷ ಏನಾಯಿತು ಗೊತ್ತಾ? ಸಸಿ ಖರೀದಿ ಒಂದು ಫೈಲು, ಗುಂಡಿ ತೋಡುವುದು ಇನ್ನೊಂದು ಫೈಲು. ಸಸಿಗಳು ಜೂನ್‌ನಲ್ಲೇ ಬಂದವು. ಗುಂಡಿಯ ವರ್ಕ್ ಆರ್ಡರ್ ಬಂದದ್ದು ಸೆಪ್ಟೆಂಬರ್ ಕೊನೆಗೆ. ಅಷ್ಟು ದಿನ ಸಸಿಗಳು ಪ್ಲಾಸ್ಟಿಕ್ ಚೀಲದಲ್ಲೇ ನಿಂತು, ಬೇರುಗಳು ಒಳಗೇ ಸುತ್ತಿ ಸುತ್ತಿ ಸಿಂಬೆಯಾಗಿದ್ದವು. ಅಕ್ಟೋಬರ್ ಬಿಸಿಲಲ್ಲಿ ನೆಟ್ಟೆವು. ಟ್ಯಾಂಕರ್ ನೀರಿಗೆ ಯೋಜನೆಯಲ್ಲಿ ಹಣವೇ ಇಟ್ಟಿರಲಿಲ್ಲ. ಮುಂದಿನ ಮೇ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಒಣಗಿ ಕಡ್ಡಿಯಾಗಿದ್ದವು. ವರದಿಯಲ್ಲಿ ಮಾತ್ರ ಗುರಿ ನೂರಕ್ಕೆ ನೂರು. ಯಾಕೆಂದರೆ ಗುರಿ ‘ನೆಡುವುದು’ ಎಂದು ಬರೆದಿದ್ದೆವು, ‘ಬದುಕಿಸುವುದು’ ಎಂದು ಬರೆದಿರಲಿಲ್ಲ.

ಹಾಗಾಗಿ ಒಂದು ಕೆಲಸದ ಎಲ್ಲ ಕೊಂಡಿಗಳೂ ಒಂದೇ ಸಾಲಿನಲ್ಲಿ ಇರಲಿ. ಗುಂಡಿ ಮೇ ತಿಂಗಳಲ್ಲಿ, ಸಸಿ ಜೂನ್ ಕೊನೆಗೆ, ಆಸರೆ ಕೋಲು ಮತ್ತು ಬೇಲಿ ಜೊತೆಗೇ, ಅಕ್ಟೋಬರ್‌ನಿಂದ ಮೇವರೆಗೆ ನೀರು, ಅದೂ ಎರಡು ಬೇಸಿಗೆ. ಗುರಿಯ ಕಾಲಮ್ಮಿನಲ್ಲಿ ‘ಎರಡನೇ ಬೇಸಿಗೆ ದಾಟಿದ ಸಸಿ ಎಷ್ಟು’ ಎಂದು ಬರೆಯಿರಿ. ಅಂಕಿ ಸಣ್ಣದಾಗುತ್ತದೆ, ಸಾಹೇಬರು ಹುಬ್ಬು ಗಂಟಿಕ್ಕುತ್ತಾರೆ. ಗಂಟಿಕ್ಕಲಿ.

ಇಷ್ಟಾದ ಮೇಲೆ ಹಣ. ಹೊಸ ಕೆಲಸ ಬರೆಯುವ ಮೊದಲು ಹಳೆಯ ಬಾಕಿ ಬರೆಯಿರಿ. ಈಗಾಗಲೇ ನಡೆಯುತ್ತಿರುವ ಕಾಂಟ್ರಾಕ್ಟ್‌ಗಳು, ಕಟ್ಟದ ಬಿಲ್‌ಗಳು, ಅರ್ಧ ಆಗಿ ಮುಂದಿನ ವರ್ಷಕ್ಕೆ ಜಾರುವ ಕೆಲಸಗಳು. ಇದಕ್ಕೆ ನಮ್ಮಲ್ಲಿ ಸ್ಪಿಲ್ ಓವರ್ ಅನ್ನುತ್ತಿದ್ದರು. ಹೊಸದಾಗಿ ಸೇರಿದವರು ಎಡವುವುದೇ ಇಲ್ಲಿ. ಸಿಕ್ಕ ಹಣವೆಲ್ಲ ಹೊಸ ಕಾರಂಜಿಗೆ ಅಂದುಕೊಳ್ಳುತ್ತಾರೆ, ಆಮೇಲೆ ನೋಡಿದರೆ ಅರ್ಧ ಹಣ ಹಳೆಯ ಕಾಂಟ್ರಾಕ್ಟರನ ಬಿಲ್ಲಿಗೆ ಹೋಗಬೇಕು. ಕಾರಂಜಿ ಬಗ್ಗೆ ಹೇಳಿಯೇ ಬಿಡುತ್ತೇನೆ: ಕಾರಂಜಿ ಬೇಡ. ಉದ್ಘಾಟನೆ ದಿನ ಹಾರುತ್ತದೆ, ಮೂರನೇ ತಿಂಗಳು ಮೋಟಾರ್ ಸುಡುತ್ತದೆ, ಆಮೇಲೆ ಸೊಳ್ಳೆಯ ತೊಟ್ಟಿಲು. ಕಟ್ಟುವ ಹಣ ಕ್ಯಾಪಿಟಲ್ ಲೆಕ್ಕದಿಂದ ಸುಲಭವಾಗಿ ಬರುತ್ತದೆ. ನೋಡಿಕೊಳ್ಳುವ ಹಣ ರೆವೆನ್ಯೂ ಲೆಕ್ಕದಿಂದ ಬರಬೇಕು, ಅದನ್ನು ಯಾರೂ ಕೊಡುವುದಿಲ್ಲ. ಹೊಸದಾಗಿ ಏನೇ ಕೇಳಿದರೂ ಪಕ್ಕದಲ್ಲೇ ಅದರ ವರ್ಷದ ನಿರ್ವಹಣೆಯ ಖರ್ಚು ಬರೆಯಿರಿ.

ಬೇರೆ ಜೇಬುಗಳೂ ಇವೆ, ಹುಡುಕಿ. ಮಹಾರಾಷ್ಟ್ರದ ಪಾಲಿಕೆಗಳು ಅಂಗವಿಕಲರ ಕಲ್ಯಾಣಕ್ಕೆಂದು 5 ಪರ್ಸೆಂಟ್ ಎತ್ತಿಡಬೇಕು. ತೋಟದ ಬಾಗಿಲಿಗೆ ರ್‍ಯಾಂಪ್, ಗಾಲಿಕುರ್ಚಿ ಹೋಗುವ ದಾರಿ ಇವನ್ನು ಅದರಲ್ಲಿ ಕೇಳಿ ನೋಡಿ. ಈ ವರ್ಷ ಹಣ ಸಿಗದು ಎಂದು ಖಚಿತವಾಗಿರುವ, ಆದರೆ ಬಿಡಲಾಗದ ಕೆಲಸವಿದ್ದರೆ ಒಂದು ಸಾವಿರ ರೂಪಾಯಿಯಾದರೂ ಇಡಿಸಿ. ನಗಬೇಡಿ. ಸಾವಿರ ರೂಪಾಯಿಗೆ ಕೆಲಸ ಆಗುವುದಿಲ್ಲ, ಆದರೆ ಆ ಹೆಡ್, ಅಂದರೆ ಬಜೆಟ್‌ನಲ್ಲಿ ಆ ಕೆಲಸದ ಹೆಸರಿನ ಸಾಲು, ಜೀವಂತ ಇರುತ್ತದೆ. ನಡುವೆ ಎಲ್ಲಿಯಾದರೂ ಹಣ ಉಳಿದರೆ ಅಲ್ಲಿಗೆ ತಿರುಗಿಸಬಹುದು. ಹೆಡ್ಡೇ ಇಲ್ಲದಿದ್ದರೆ ಉಳಿದ ಹಣ ನೋಡಿಕೊಂಡು ಕೂರಬೇಕು, ಅಷ್ಟೆ.

ಕೊನೆಗೆ ಸಾಹೇಬರ ವಿಷಯ. ‘ನೀವು ಹೇಳಿದ್ದು ತಪ್ಪು’ ಎಂದು ಹೋಗಬೇಡಿ. ಅವರು ಕೇಳಿದ ಹತ್ತು ಪರ್ಸೆಂಟ್ ಹಾಳೆಯನ್ನೂ ಮಾಡಿ, ಅರ್ಧ ಗಂಟೆಯ ಕೆಲಸ. ಅದರ ಮೇಲೆ ಇನ್ನೊಂದು ಹಾಳೆ ಇಡಿ. ಎರಡೇ ಕಾಲಮ್: ಮೂರು ವರ್ಷ ಎಷ್ಟು ಇಟ್ಟಿದ್ದೆವು, ಎಷ್ಟು ಖರ್ಚಾಯಿತು. ಖರ್ಚಾಗದೆ ಉಳಿದವಕ್ಕೆ ಕೆಂಪು ಬಣ್ಣ. ಆಯುಕ್ತರ ಮುಂದೆ ಕೂತು ಉತ್ತರ ಕೊಡಬೇಕಾದವರು ಅವರೇ ತಾನೆ? ಕೆಂಪು ನೋಡಿದ ಮೇಲೆ ಅವರೇ ನಿಮ್ಮ ಮೂರನೇ ಹಾಳೆ, ಅಂದರೆ ನೀವು ಹಿಂದಕ್ಕೆ ಎಣಿಸಿ ಮಾಡಿದ ಯೋಜನೆ, ಕೇಳುತ್ತಾರೆ. ನಿಮ್ಮ ಪತ್ರ ನವರಾತ್ರಿ ಮುಗಿಯುವ ಹೊತ್ತಿಗೆ ಬಂದಿದೆ. ತಡವೇನೂ ಆಗಿಲ್ಲ. ಮುಂಬಯಿ ಪಾಲಿಕೆಯಲ್ಲಾದರೆ ಫೆಬ್ರವರಿ 5ರೊಳಗೆ ಆಯುಕ್ತರು ಬಜೆಟ್ ಮಂಡಿಸಬೇಕೆಂದು 1888ರ ಕಾಯ್ದೆಯೇ ಹೇಳುತ್ತದೆ. ವಿಭಾಗಗಳ ಬೇಡಿಕೆ ಅದಕ್ಕೂ ಎರಡು ತಿಂಗಳು ಮೊದಲೇ ಲೆಕ್ಕದವರ ಕೈ ಸೇರಿರಬೇಕು. ನಿಮ್ಮಲ್ಲೂ ಹೆಚ್ಚುಕಡಿಮೆ ಅಷ್ಟೇ. ಡಿಸೆಂಬರ್ ಮೊದಲ ವಾರದ ಮೇಲೆ ಹೋದ ಕಾಗದವನ್ನು ಯಾರೂ ಓದುವುದಿಲ್ಲ, ಹತ್ತು ಪರ್ಸೆಂಟ್ ಸೇರಿಸಿ ಮುಚ್ಚುತ್ತಾರೆ.

ಪ್ರಶ್ನೆ: ವರ್ಷವಿಡೀ ಸುಮ್ಮನಿದ್ದು ಮಾರ್ಚ್ ಬಂದ ಕೂಡಲೇ ನಮ್ಮ ರಸ್ತೆ ಅಗೆಯುತ್ತಾರೆ. ದುಡ್ಡು ಮುಗಿಸುವುದಕ್ಕೇ ಅಲ್ವಾ?
– ಓದುಗರು, ಠಾಣೆ

ಉತ್ತರ: ಅರ್ಧ ನಿಜ. ಮಾರ್ಚ್ 31ರ ನಂತರ ಆ ವರ್ಷದ ಹಣ ವಾಪಸ್ ಹೋಗುತ್ತದೆ, ಆದ್ದರಿಂದ ಗಡಿಬಿಡಿ ಇದ್ದೇ ಇರುತ್ತದೆ. ಕೊನೆಯ ತಿಂಗಳುಗಳಲ್ಲಿ ಖರ್ಚಿಗೆ ಮುಗಿಬೀಳುವುದು ಹಣಕಾಸಿನ ಶಿಸ್ತಿಗೆ ವಿರುದ್ಧ ಎಂದು ಕೇಂದ್ರ ಸರ್ಕಾರದ ನಿಯಮಗಳಲ್ಲೇ ಬರೆದಿದೆ. ಓದುವವರು ಕಡಿಮೆ.

ಇನ್ನರ್ಧ ಮಳೆಯ ಕಾರಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಗೆಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಅಕ್ಟೋಬರ್‌ನಲ್ಲಿ ಮಳೆ ನಿಂತ ಮೇಲೆ ಟೆಂಡರ್ ಹೊರಟರೆ, ಮೇಲೆ ಹೇಳಿದ ನಾಲ್ಕು ತಿಂಗಳ ಲೆಕ್ಕ ಹಾಕಿ, ಕೆಲಸ ಫೆಬ್ರವರಿ-ಮಾರ್ಚ್‌ಗೇ ಬಂದು ನಿಲ್ಲುತ್ತದೆ. ಗ್ಯಾಸ್ ಪೈಪಿನವರು, ವಿದ್ಯುತ್‌ನವರು, ಟೆಲಿಫೋನ್ ಕೇಬಲ್‌ನವರಿಗೂ ಅದೇ ತಿಂಗಳು ಬೇಕು. ಜೂನ್‌ನಲ್ಲೇ ಟೆಂಡರ್ ಕೆಲಸ ಶುರು ಮಾಡಿ, ಮಳೆ ಸುರಿಯುವಾಗ ಕಾಗದ ಓಡಿಸಿ, ಅಕ್ಟೋಬರ್ ಮೊದಲ ವಾರ ಗುದ್ದಲಿ ಹಾಕುವ ವಿಭಾಗ ಇದ್ದರೆ ನಿಮ್ಮ ರಸ್ತೆ ಸಂಕ್ರಾಂತಿಗೆ ತಯಾರು. ಅಂಥ ಒಬ್ಬ ಇಂಜಿನಿಯರರನ್ನು ನಾನು ನೋಡಿದ್ದೇನೆ. ಅವರಿಗೆ ಬೇಗ ವರ್ಗಾವಣೆಯಾಯಿತು.

ಪ್ರಶ್ನೆ: ನಾನು ಕೋಥರೂಡ್‌ನ ಒಂದು ಹೌಸಿಂಗ್ ಸೊಸೈಟಿಯ ಸೆಕ್ರೆಟರಿ. ನಮ್ಮ ಗೇಟಿನ ಮುಂದಿನ ಫುಟ್‌ಪಾತ್ ಒಡೆದಿದೆ, ಮಳೆನೀರಿನ ಚೇಂಬರ್ ಮುಚ್ಚಿಲ್ಲ. ಪಾಲಿಕೆಯ ಮುಂದಿನ ವರ್ಷದ ಯೋಜನೆಯಲ್ಲಿ ಇದು ಬರುವಂತೆ ಮಾಡಲು ದಾರಿ ಇದೆಯೇ? ಎಷ್ಟು ಮನವಿ ಕೊಟ್ಟರೂ ಉತ್ತರವಿಲ್ಲ.
– ಓದುಗರು, ಪುಣೆ

ಉತ್ತರ: ನೀವು ಪುಣೆಯಲ್ಲಿರುವುದು ಪುಣ್ಯ. ಜನರೇ ಕೆಲಸ ಸೂಚಿಸುವ ಬಜೆಟ್ ಪದ್ಧತಿ ಅಲ್ಲಿ 2006ರಲ್ಲೇ ಶುರುವಾಗಿದೆ. 5 ಲಕ್ಷ ರೂಪಾಯಿಯೊಳಗಿನ ಸಣ್ಣ ಕೆಲಸಗಳನ್ನು ನಾಗರಿಕರು ಫಾರ್ಮ್ ತುಂಬಿ ಕೇಳಬಹುದು. ಫಾರ್ಮ್ ವಾರ್ಡ್ ಆಫೀಸಿನಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ತೆಗೆದುಕೊಳ್ಳುತ್ತಾರೆ. ಗಣಪತಿ ಹಬ್ಬದ ಗಲಾಟೆಯಲ್ಲಿ ಮರೆತುಹೋಗುವ ಸಮಯ ಅದು, ಈಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

‘ಫುಟ್‌ಪಾತ್ ಸರಿಮಾಡಿ’ ಎಂದು ಬರೆದರೆ ಕೆಲಸ ಆಗುವುದಿಲ್ಲ. ಟೇಪ್ ಹಿಡಿದು ಅಳೆಯಿರಿ. ಯಾವ ಅಂಗಡಿಯಿಂದ ಯಾವ ಕಂಬದವರೆಗೆ, ಎಷ್ಟು ಮೀಟರ್ ಉದ್ದ, ಎಷ್ಟು ಅಗಲ, ಚೇಂಬರ್ ಎಷ್ಟು, ಎಲ್ಲವನ್ನೂ ಫೋಟೋ ಸಮೇತ ಬರೆಯಿರಿ. ಕ್ಲರ್ಕ್ ಅದನ್ನು ಹಾಗೇ ಎತ್ತಿ ಎಸ್ಟಿಮೇಟ್‌ಗೆ ಹಾಕುವಂತಿರಬೇಕು. ನಾನು ಆ ಕುರ್ಚಿಯಲ್ಲಿ ಕೂತವನು, ನಿಜ ಹೇಳುತ್ತೇನೆ: ಅಳತೆ ಇದ್ದ ಅರ್ಜಿ ಮೇಲೆ ಹೋಗುತ್ತದೆ, ಕೋಪ ಇದ್ದ ಅರ್ಜಿ ಕೆಳಗೆ ಹೋಗುತ್ತದೆ. ಸೊಸೈಟಿಯ ಒಳಗಿನ ರಸ್ತೆಯನ್ನು ಇದರ ಜೊತೆ ಸೇರಿಸಲು ಹೋಗಬೇಡಿ. ಅದು ಖಾಸಗಿ ಜಾಗ, ಇಡೀ ಅರ್ಜಿಯೇ ಬಿದ್ದುಹೋಗುತ್ತದೆ.

ಬಜೆಟ್ ಪಾಸಾದ ಮೇಲೆ ನಿಮ್ಮ ಕೆಲಸ ಅದರಲ್ಲಿ ಇದೆಯೇ ನೋಡಿ. ಪ್ರತಿ ಕಚೇರಿಯೂ ತನ್ನ ಯೋಜನೆ, ಹಣ, ಖರ್ಚನ್ನು ಕೇಳದೆಯೇ ಪ್ರಕಟಿಸಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಪ್ರಕಟಿಸಿಲ್ಲವಾದರೆ ಹತ್ತು ರೂಪಾಯಿ ಕಟ್ಟಿ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು.

ಪ್ರಶ್ನೆ: ಬಾಗಲಕೋಟೆಯಲ್ಲಿರುವ ನನ್ನ ತಮ್ಮ ‘ಕ್ರಿಯಾ ಯೋಜನೆ’ ಅನ್ನುತ್ತಾನೆ, ‘ಆಯವ್ಯಯ’ ಅನ್ನುತ್ತಾನೆ. ನಾನು ಇಲ್ಲಿನ ಪಾಲಿಕೆಯ ಮರಾಠಿ ಕಾಗದಗಳಲ್ಲಿ ಬೇರೆಯೇ ಓದುತ್ತೇನೆ. ಎರಡೂ ಒಂದೇನಾ?
– ಓದುಗರು, ಮುಲುಂಡ್

ಉತ್ತರ: ಒಂದೇ. ಅವರ ಆಯವ್ಯಯ ನಮ್ಮ ಅಂದಾಜಪತ್ರಕ. ಅವರ ಕ್ರಿಯಾ ಯೋಜನೆ ನಮ್ಮ ಕೃತಿ ಆರಾಖಡಾ. ಒಂದು ಕೆಲಸಕ್ಕೆಂದು ಬಜೆಟ್‌ನಲ್ಲಿ ಎತ್ತಿಟ್ಟ ಹಣಕ್ಕೆ ಇಲ್ಲಿ ತರತೂದ್ ಅನ್ನುತ್ತಾರೆ. ಈ ಮಾತು ನನಗೆ ಎಷ್ಟು ಅಂಟಿದೆಯೆಂದರೆ, ಮನೆಯಲ್ಲೂ ‘ಗ್ಯಾಸಿಗೆ ತರತೂದ್ ಮಾಡಿದ್ದೀಯಾ’ ಎಂದು ಹೆಂಡತಿಯನ್ನು ಕೇಳಿ ಬೈಸಿಕೊಂಡಿದ್ದೇನೆ. ಒಂದು ಎಚ್ಚರ: ಮರಾಠಿಯಲ್ಲಿ ಇಡೀ ಬಜೆಟ್ಟಿಗೂ ಅಂದಾಜಪತ್ರಕ, ಒಂದು ಗೋಡೆಯ ಎಸ್ಟಿಮೇಟಿಗೂ ಅಂದಾಜಪತ್ರಕ. ಕೆಲಸಕ್ಕೆ ಸೇರಿದ ಹೊಸತರಲ್ಲಿ ‘ಅಂದಾಜಪತ್ರಕ ತಾ’ ಅಂದರು ಸಾಹೇಬರು. ಅವರಿಗೆ ಬೇಕಾಗಿದ್ದು ಶೌಚಾಲಯದ ಗೋಡೆಯ ಎರಡು ಹಾಳೆ. ನಾನು ಇಡೀ ಪಾಲಿಕೆಯ ಬಜೆಟ್ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಎರಡು ಮಹಡಿ ಹತ್ತಿದ್ದೆ.

ಪ್ರಶ್ನೆ: ನಾವು ಗದಗ ಕಡೆಯವರು. ವಾಸ್ಕೋ ಹತ್ತಿರದ ಒಂದು ಪಂಚಾಯತಿಯಲ್ಲಿ 22 ವರ್ಷದಿಂದ ಇದ್ದೇವೆ. ಮಳೆಗಾಲದಲ್ಲಿ ಗಟಾರದ ನೀರು ಮನೆಯೊಳಗೆ ಬರುತ್ತದೆ. ಪಂಚಾಯತಿಯ ಯೋಜನೆಯಲ್ಲಿ ನಮ್ಮ ಓಣಿಯ ಹೆಸರೇ ಇಲ್ಲ ಅಂತಾರೆ. ಗ್ರಾಮಸಭೆಗೆ ಹೋಗಲು ನಮ್ಮವರಿಗೆ ಸಂಕೋಚ, ಕೊಂಕಣಿ ಸರಿಯಾಗಿ ಬರುವುದಿಲ್ಲ. ಏನು ಮಾಡಬೇಕು?
– ಒಬ್ಬ ಗೃಹಿಣಿ, ಗೋವಾ

ಉತ್ತರ: ತಾಯಿ, ಮೊದಲು ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಎಲ್ಲಿದೆ ನೋಡಿ. ಆ ಹಳ್ಳಿಯ ಪಟ್ಟಿಯಲ್ಲಿ ಇದ್ದರೆ ನೀವು ಗ್ರಾಮಸಭೆಯ ಸದಸ್ಯರು. ಯಾರೂ ಕರೆಯಬೇಕಿಲ್ಲ, ಯಾರೂ ತಡೆಯುವಂತಿಲ್ಲ. ಗದಗದ ಪಟ್ಟಿಯಲ್ಲೇ ಇನ್ನೂ ಹೆಸರು ಇಟ್ಟುಕೊಂಡಿದ್ದರೆ, ನಮ್ಮವರು ಬಹಳ ಜನ ಹಾಗೆ ಮಾಡುತ್ತಾರೆ, ಮೊದಲು ಅದನ್ನು ಸರಿಮಾಡಿಸಿ. 22 ವರ್ಷ ನೀರು ಬರುತ್ತಿರುವುದು ಇಲ್ಲಿನ ಮನೆಗೆ ತಾನೆ?

ಗೋವಾದ 191 ಪಂಚಾಯತಿಗಳೂ ಪ್ರತಿ ವರ್ಷ ಅಭಿವೃದ್ಧಿ ಯೋಜನೆ ಮಾಡಬೇಕು. ಅದನ್ನು ಜಿಪಿಡಿಪಿ (ಗ್ರಾಮ ಪಂಚಾಯತ್ ಡೆವಲಪ್‌ಮೆಂಟ್ ಪ್ಲಾನ್) ಅನ್ನುತ್ತಾರೆ. 2018ರಿಂದ ಅದರ ಕೆಲಸಕ್ಕೆ ಅಕ್ಟೋಬರ್ 2, ಗಾಂಧಿ ಜಯಂತಿಯ ಹೊತ್ತಿಗೆ ಚಾಲನೆ ಕೊಡುತ್ತಾರೆ. ನಿಮ್ಮ ಗಟಾರ ಪಟ್ಟಿ ಸೇರಬೇಕಾದದ್ದು ಆ ತಿಂಗಳುಗಳಲ್ಲಿ. ಜೂನ್‌ನಲ್ಲಿ ನೀರು ಬಂದ ಮೇಲೆ ಹೋಗಿ ಕೂಗಿದರೆ ‘ಈ ವರ್ಷ ಹಣ ಇಲ್ಲ’ ಅನ್ನುತ್ತಾರೆ, ಅದು ಸುಳ್ಳೂ ಅಲ್ಲ.

ಹಣದ ಬಗ್ಗೆ ಒಂದು ಮಾತು ಗೊತ್ತಿರಲಿ. ಕೇಂದ್ರದ ಹಣವನ್ನು ಹೇಗೆ ಹಂಚಬೇಕೆಂದು ಹೇಳುವ 15ನೇ ಹಣಕಾಸು ಆಯೋಗದ ಅನುದಾನದಲ್ಲಿ, ಅಂದರೆ 2021ರಿಂದ 2026ರವರೆಗೆ, ಪಂಚಾಯತಿಗಳಿಗೆ ಬಂದ ಹಣದ 60 ಪರ್ಸೆಂಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕೆಂದು ಕಟ್ಟು ಹಾಕಿದ್ದರು. ಕೊಳಚೆ ನೀರಿನ ಕೆಲಸ ಅದರಲ್ಲೇ ಬರುತ್ತದೆ. ನಿಮ್ಮ ಪಂಚಾಯತಿ ಯಾವ ವರ್ಷ ಯಾವ ಕೆಲಸ ಬರೆದಿದೆ ಎನ್ನುವುದು ಇ-ಗ್ರಾಮಸ್ವರಾಜ್ ಎಂಬ ಸರ್ಕಾರಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಮೊಬೈಲಿನಲ್ಲೇ ತೆಗೆದು ತೋರಿಸುತ್ತಾರೆ.

ಭಾಷೆಗೆ ಹೆದರಬೇಡಿ. ನಾನು ಮುಂಬಯಿಗೆ ಬಂದಾಗ ನನಗೆ ಬರುತ್ತಿದ್ದ ಮರಾಠಿ ‘ಪಾಣಿ’ ಮತ್ತು ‘ಚಹಾ’, ಎರಡೇ ಶಬ್ದ. ಓಣಿಯ ಐದು ಹೆಂಗಸರು ಒಟ್ಟಿಗೆ ಹೋಗಿ, ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ಕೊಂಕಣಿಯಲ್ಲಿ ಒಂದು ಪುಟದ ಅರ್ಜಿಯನ್ನು ಶಾಲೆಯ ಟೀಚರ್ ಹತ್ತಿರ ಬರೆಸಿ, ಮನೆಯ ಗೋಡೆಯ ಮೇಲೆ ನೀರು ನಿಂತ ಗುರುತಿನ ಫೋಟೋ ಅಂಟಿಸಿ. ಸಭೆಯಲ್ಲಿ ಕೊಟ್ಟ ಮೇಲೆ ‘ಇದನ್ನು ನಡಾವಳಿಯಲ್ಲಿ ಬರೆದುಕೊಳ್ಳಿ’ ಎಂಬ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಿ, ಅಷ್ಟು ಸಾಕು. ಅರ್ಜಿಯ ಎರಡು ಪ್ರತಿ ಇರಲಿ. ಒಂದರ ಮೇಲೆ ಪಂಚಾಯತಿಯ ಸೀಲು, ತಾರೀಖು, ಸೆಕ್ರೆಟರಿಯ ಸಹಿ ಹಾಕಿಸಿಕೊಂಡು ಮನೆಗೆ ತನ್ನಿ. ಅದನ್ನು ಟ್ರಂಕಿನ ತಳದಲ್ಲಿ ಇಡಬೇಡಿ, ನೀರು ಬರುತ್ತದೆ ಅಂದಿರಲ್ಲ.